ದಿನಕ್ಕೆ ಎರಡು ಬೆರಳು

ಯಾವ ಕಲ್ಲನ್ನು ಕೈಗೆ ಕೊಟ್ಟರೂ ಮುನಿಯಪ್ಪನವರು ಮೊದಲು ಅದನ್ನು ನೆಕ್ಕುತ್ತಿದ್ದರು. ಆಮೇಲೆ ಮೂಸಿ, ಅಂಗೈಯಲ್ಲಿ ತೂಗಿ, ಉಗುರಿನಿಂದ ಒಂದು ಸಲ ಗೀರಿ, ಇದು ಯಾವ ಕಪಾಟಿನ ಯಾವ ಖಾನೆಯದು ಎಂದು ಹೇಳಿಬಿಡುತ್ತಿದ್ದರು. ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಪಾಟುಗಳ ತುಂಬ ಕಲ್ಲುಗಳಿದ್ದವು, ಅವುಗಳ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಟೆಂಡರ್ ಮುನಿಯಪ್ಪನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡವನ್ನೂ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಆದರೆ ಚೀಟಿ ಕಳಚಿಬಿದ್ದ ಕಲ್ಲನ್ನು ಅದರ ಜಾಗಕ್ಕೆ ಸೇರಿಸಬೇಕಾದಾಗ ಪ್ರೊಫೆಸರೇ ಅವರನ್ನು ಕೂಗಿ ಕರೆಯುತ್ತಿದ್ದರು. ಅವರು ನೆಕ್ಕಿ ಹೇಳಿದ್ದು ತಪ್ಪಾದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ, ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಅವರ ಊರು ಕೊಡಿಗೇಹಳ್ಳಿ, ನನ್ನದು ಹೆಬ್ಬಾಳ. ಐವತ್ತರ ದಶಕದಲ್ಲಿ ಎರಡೂ ಊರುಗಳು ಬೆಂಗಳೂರಿಗೆ ಸೇರಿರಲಿಲ್ಲ. ಬೆಳಿಗ್ಗೆ ಅವರು ಸೈಕಲ್ ತುಳಿದುಕೊಂಡು ಹೆಬ್ಬಾಳದ ಕೆರೆ ಏರಿಯ ಮೇಲೆ ಬರುತ್ತಿದ್ದರು, ನಾನು ನಮ್ಮ ಮನೆಯ ತಿರುವಿನಲ್ಲಿ ಕಾದಿದ್ದು ಜೊತೆಗೂಡುತ್ತಿದ್ದೆ. ಖಾಕಿ ಕೋಟು, ತಲೆಗೆ ಬಿಳಿ ರುಮಾಲು, ಹ್ಯಾಂಡಲಿಗೆ ನೇತುಹಾಕಿದ ಮುದ್ದೆಯ ಡಬ್ಬಿ. ದಾರಿಯುದ್ದಕ್ಕೂ ಮಾತು. ಊರಿನ ಅಣ್ಣನಂತಿದ್ದುದರಿಂದ ನಾನು ಅವರನ್ನು ಮುನಿಯಣ್ಣ ಎನ್ನುತ್ತಿದ್ದೆ, ಅವರಿಗೆ ನಾನು ಮಗ. ಕಾಲೇಜಿನ ಗೇಟು ದಾಟಿದ ಕೂಡಲೇ ಮಾತ್ರ ನನ್ನನ್ನು ಗುರುತೇ ಇಲ್ಲದವರಂತೆ ನೋಡುತ್ತಿದ್ದರು. ಕೇಳಿದರೆ, "ಅಲ್ಲಿ ನಾನು ಗೌರ್ಮೆಂಟು ಕಣ್ ಮಗಾ" ಎನ್ನುತ್ತಿದ್ದರು.

ಗೌರ್ಮೆಂಟಾದರೂ ಪರೀಕ್ಷೆಯ ದಿನ ಅವರ ಕರುಳು ನಮ್ಮ ಕಡೆಯೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೇಜಿನ ಮೇಲೆ ಕಲ್ಲುಗಳನ್ನಿಟ್ಟು ಗುರುತಿಸಲು ಹೇಳಿದಾಗ ಅವರು ಬಾಗಿಲ ಹತ್ತಿರ ನಿಂತು ಕೆಮ್ಮುತ್ತಿದ್ದರು. ಒಂದು ಕೆಮ್ಮಿದರೆ ಬೆಂಕಿಯಲ್ಲಿ ಹುಟ್ಟಿದ ಕಲ್ಲು, ಎರಡಾದರೆ ನೀರಿನಡಿ ಪದರ ಕೂತ ಕಲ್ಲು, ಮೂರಾದರೆ ಭೂಮಿಯ ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಇದು ವರ್ಷವರ್ಷ ಹಿರಿಯರು ಕಿರಿಯರಿಗೆ ದಾಟಿಸಿಕೊಂಡು ಬಂದ ವಿದ್ಯೆ. ನಮ್ಮ ವರ್ಷ ಅವರಿಗೆ ನಿಜವಾಗಿಯೂ ನೆಗಡಿ ಹತ್ತಿತ್ತು. ಪಾಪ, ತಡೆದುಕೊಳ್ಳಲು ಎಷ್ಟು ಹೆಣಗಿದರೂ ಒಂದರ ಹಿಂದೊಂದು ಕೆಮ್ಮು ಬಂದು, ತರಗತಿಗೆ ತರಗತಿಯೇ ಜ್ವಾಲಾಮುಖಿಯ ಕರಿಕಲ್ಲಿನಿಂದ ಹಿಡಿದು ಸುಣ್ಣದ ಕಲ್ಲಿನವರೆಗೆ ಎಲ್ಲವೂ ರೂಪ ಬದಲಿಸಿದವು ಎಂದು ಬರೆದು ಬಂದೆವು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಮಗೆ ಅಂಕ ಕೊಡಲಿಲ್ಲ, ಮುನಿಯಪ್ಪನವರಿಗೆ ಮಾತ್ರ ಶುಂಠಿ ಕಷಾಯ ಕುಡಿಯಲು ಹೇಳಿ ಹೋದರು.

ಇಂಥ ಮನುಷ್ಯನಿಗೆ ಒಂದು ವಿಷಯದಲ್ಲಿ ಮಾತ್ರ ಕಾಲೇಜಿನ ಮೇಲೆ ನಂಬಿಕೆಯಿರಲಿಲ್ಲ. ಕಲ್ಲುಗಳ ಕೊಠಡಿಯ ಕಿಟಕಿಯ ಪಕ್ಕ ಒಂದು ದೊಡ್ಡ ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಪ್ಲಾಸ್ಟರಿನಲ್ಲಿ ಮಾಡಿ ನೀಲಿ ಬಿಳಿ ಬಣ್ಣ ಬಳಿದ ಒಂದು ಹಿಮನದಿ. ಎರಡು ಬೆಟ್ಟಗಳ ನಡುವೆ ಅದು ನಾಲಗೆ ಚಾಚಿಕೊಂಡು ಮಲಗಿತ್ತು. ಪ್ರತಿ ಶನಿವಾರ ಮುನಿಯಪ್ಪನವರು ಗಾಜು ಒರೆಸುತ್ತಿದ್ದರು. ಒರೆಸುವಾಗಲೆಲ್ಲ ಪಕ್ಕದ ಕೊಠಡಿಯಿಂದ ಪ್ರೊಫೆಸರ ಪಾಠ ಕೇಳಿಸುತ್ತಿತ್ತು: ಹಿಮನದಿ ಎಂದರೆ ನಿಂತ ಮಂಜುಗಡ್ಡೆಯಲ್ಲ, ಅದು ಹರಿಯುತ್ತದೆ, ಬೆಟ್ಟವನ್ನೇ ಅರೆದು ಕೆಳಗೆ ಸಾಗಿಸುತ್ತದೆ. ಇಪ್ಪತ್ತು ವರ್ಷ ಈ ಪಾಠ ಕೇಳಿದ್ದರು, ಇಪ್ಪತ್ತು ವರ್ಷವೂ ನಂಬಿರಲಿಲ್ಲ.

"ಐಸ್ ಗಡ್ಡೆ ನಾನೂ ನೋಡಿವ್ನಿ ಮಗಾ" ಎಂದು ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿಯೇ ವಾದಕ್ಕಿಳಿದರು. "ಬಿಸ್ಲಿಗಿಟ್ರೆ ಕರಗ್ತೈತೆ. ಮರದ್ ಪುಡೀಲಿ ಮುಚ್ಚಿಟ್ರೆ ಅಂಗೇ ಕುಂತಿರ್ತೈತೆ. ನಡೆಯೋದೆಲ್ಲಿ ಬಂತು?"

"ಪುಸ್ತಕದಲ್ಲಿದೆ ಮುನಿಯಣ್ಣ."

"ಪುಸ್ತಕ ಬರ್ದೋನು ಓಗಿ ನೋಡಿದ್ನಾ?"

"ನೋಡಿರ್ತಾನೆ."

"ನೀನು ನೋಡಿದ್ಯಾ?"

"ಇಲ್ಲ."

"ಅಂಗಾದ್ರೆ ನಾನೂ ನೀನೂ ಒಂದೇಯ, ನಡಿ ಒತ್ತಾಯ್ತು" ಎಂದು ಪೆಡಲು ತುಳಿದರು.

ನಾನು ಕಡೆಯ ವರ್ಷದಲ್ಲಿದ್ದಾಗ ಪ್ರೊಫೆಸರು ಮೂರು ವರ್ಷ ಅರ್ಜಿ ಹಾಕಿ ಹಾಕಿ ಕಡೆಗೂ ಅಪ್ಪಣೆ ಪಡೆದು, ಹತ್ತು ಜನ ವಿದ್ಯಾರ್ಥಿಗಳನ್ನು ಹಿಮಾಲಯಕ್ಕೆ ಕರೆದೊಯ್ಯುವುದು ಎಂದಾಯಿತು. ಬರಿ ನೋಡಿ ಬರುವುದಲ್ಲ. ಒಂದು ಹಿಮನದಿಯ ಪಕ್ಕ ಡೇರೆ ಹಾಕಿಕೊಂಡು ಆರು ದಿನ ಇದ್ದು ಅದು ದಿನಕ್ಕೆ ಎಷ್ಟು ಸರಿಯುತ್ತದೆಂದು ಅಳೆಯುವುದು. ಸುದ್ದಿ ಕೇಳಿದ ದಿನವೇ ಮುನಿಯಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಪ್ರೊಫೆಸರ ಮುಂದೆ ನಿಂತರು. ಮುಂದಿನ ವರ್ಷ ಅವರಿಗೆ ನಿವೃತ್ತಿ.

"ನಂಗೆ ಕಾಶಿ ಬ್ಯಾಡ, ಕೈಲಾಸ ಬ್ಯಾಡ ಸಾಮಿ. ಆ ಪೆಟ್ಗೇಲಿರೋದು ನಡೀತೈತೋ ಇಲ್ವೋ, ಒಂದ್ ಸಲ ಕಣ್ಣಾರೆ ನೋಡ್ಬೇಕು. ಅಡಿಗೆ ಮಾಡ್ಕಂಡ್ ಬತ್ತೀನಿ."

"ಅಲ್ಲಿ ಚಳಿ ಏನು ಗೊತ್ತೇನಯ್ಯಾ ನಿನಗೆ? ಈ ವಯಸ್ಸಿನಲ್ಲಿ?" ಎಂದರು ಪ್ರೊಫೆಸರು.

"ಕಂಬ್ಳಿ ಐತೆ."

ಕಂಬಳಿಯ ಜೊತೆಗೆ ಒಂದು ಮೂಟೆ ರಾಗಿ ಹಿಟ್ಟೂ ಬಂತು. ಮಿಲಿಟರಿ ಹರಾಜಿನಲ್ಲಿ ನಮಗೆಲ್ಲ ಹಳೆಯ ಬೂಟು ಕೊಂಡಿದ್ದರು. ಮುನಿಯಪ್ಪನವರ ಪಾದಕ್ಕೆ ಸಿಕ್ಕಿದ್ದು ಎರಡು ಸೈಜು ದೊಡ್ಡದು. ಅದರೊಳಗೆ ಹಳೆಯ ಪಂಚೆಯ ಚೂರು ತುರುಕಿಕೊಂಡು, ರೈಲಿನಲ್ಲಿ ಮದರಾಸು, ದೆಹಲಿ ದಾಟಿ, ಬೆಟ್ಟದ ಬುಡದಲ್ಲಿ ರೈಲು ಮುಗಿಯುವ ಕಾಠಗೋದಾಮಿನವರೆಗೂ ಬೂಟು ಬಿಚ್ಚದೆ ಕೂತಿದ್ದರು. ಬಿಚ್ಚಿದರೆ ಯಾರಾದರೂ ಕದ್ದಾರು ಎಂಬ ಅನುಮಾನ. ಆಮೇಲೆ ಎರಡು ದಿನ ಬಸ್ಸು, ಆರು ದಿನ ನಡಿಗೆ. ಹೇಸರಗತ್ತೆಗಳ ಮೇಲೆ ಡೇರೆ, ಸಾಮಾನು. ಕಾಡು ಮುಗಿಯಿತು, ಹುಲ್ಲು ಮುಗಿಯಿತು, ಉಸಿರೂ ಸಾಲದಾಯಿತು. ನಾವು ಇಪ್ಪತ್ತರ ಹುಡುಗರು ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದರೆ ಅವರು ಒಂದೇ ಸಮನೆ, ಊರಿನ ಹೊಲಕ್ಕೆ ಹೊರಟವರ ಹಾಗೆ ನಡೆಯುತ್ತಿದ್ದರು. ನಡುನಡುವೆ ಬಗ್ಗಿ ಒಂದು ಕಲ್ಲು ಎತ್ತಿ ನೆಕ್ಕಿ, "ಮೂರನೇ ಕಪಾಟು" ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಹೋಗುತ್ತಿದ್ದರು.

ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಪ್ರೊಫೆಸರು ಕಾರಣ ವಿವರಿಸಿದರೂ ಮುನಿಯಪ್ಪನವರು ಒಪ್ಪಲಿಲ್ಲ. ಯಶವಂತಪುರದ ಅಂಗಡಿಯವನು ಹಳೆಯ ಬೇಳೆ ಕೊಟ್ಟು ಮೋಸ ಮಾಡಿದ್ದಾನೆಂದು ಮೂರು ದಿನ ಅವನನ್ನು ಬೈದರು. ರಾಗಿ ಹಿಟ್ಟು ಮಾತ್ರ ಅಲ್ಲಿಯೂ ಬೆಂದಿತು. ಕಾಳು ಕಾಳಾದ ಬೇಳೆಯ ಸಾರಿನಲ್ಲಿ ಬಿಸಿ ಮುದ್ದೆ ನುಂಗಿ ನಾವು ಜೀವ ಹಿಡಿದುಕೊಂಡೆವು. ಹೇಸರಗತ್ತೆ ಹೊಡೆಯುತ್ತಿದ್ದ ಪಹಾಡಿ ಮುದುಕ ಒಬ್ಬ ಮುದ್ದೆಯನ್ನು ಅಗಿಯತೊಡಗಿದಾಗ ಮುನಿಯಪ್ಪನವರು ಗಾಬರಿಯಾಗಿ ಅವನ ದವಡೆ ಹಿಡಿದು, ನುಂಗುವುದು ಹೇಗೆಂದು ತಾವೇ ಒಂದು ತುತ್ತು ನುಂಗಿ ತೋರಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಆದರೂ ಹಿಂದಿರುಗುವವರೆಗೆ ಅವರು ಪಕ್ಕಪಕ್ಕದಲ್ಲೇ ಕೂತು ಉಂಡರು.

ಹಿಮನದಿಯನ್ನು ಕಂಡಾಗ ನಮಗೆಲ್ಲ ನಿರಾಸೆಯಾಯಿತೆಂದು ಒಪ್ಪಿಕೊಳ್ಳಬೇಕು. ಪೆಟ್ಟಿಗೆಯೊಳಗಿನದು ನೀಲಿ ಬಿಳಿ. ಇದರ ಅಂಚೆಲ್ಲ ಕಲ್ಲು ಮಣ್ಣು ಮುಚ್ಚಿಕೊಂಡು ಯಲಹಂಕದ ಕಲ್ಲು ಕ್ವಾರಿಯಂತೆ ಕಾಣುತ್ತಿತ್ತು. ದೂರದ ನಡುಭಾಗದಲ್ಲಿ ಮಾತ್ರ ಬೆಳ್ಳಗೆ ಮಂಜು, ಅದರ ತುಂಬ ಆಳದ ಬಿರುಕುಗಳು. ಅಲ್ಲಿಗೆ ಯಾರೂ ಕಾಲಿಡಕೂಡದೆಂದು ಪ್ರೊಫೆಸರು ಮೊದಲೇ ಕಟ್ಟಪ್ಪಣೆ ಮಾಡಿದರು. ಮುನಿಯಪ್ಪನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಡೆಯೋ ಅಂಗೆ ಕಾಣಲ್ಲಪ್ಪ" ಎಂದರು.

ಅಳೆಯುವ ಕ್ರಮ ಸುಲಭವಾದದ್ದು. ಕದಲದ ಒಂದು ಜಾಗದಲ್ಲಿ ಕೆಂಪು ಬಣ್ಣದ ಗುರುತು ಹಾಕುವುದು. ಅಲ್ಲಿಂದ ಮಂಜಿನ ಅಂಚಿನಲ್ಲಿಟ್ಟ, ಬಣ್ಣ ಬಳಿದ ಐದು ಕಲ್ಲುಗಳಿಗೆ ಟೇಪು ಹಿಡಿದು ದೂರ ಬರೆದುಕೊಳ್ಳುವುದು. ಆರನೆಯ ದಿನ ಮತ್ತೆ ಟೇಪು ಹಿಡಿದರೆ ದೂರ ಎಷ್ಟು ಬದಲಾಗಿದೆಯೋ ಅಷ್ಟು ಮಂಜು ನಡೆದಿದೆ ಎಂದರ್ಥ. ಮೊದಲ ದಿನ ಪ್ರೊಫೆಸರು ಎತ್ತರದ ತಲೆನೋವಿನಿಂದ ಡೇರೆಯಲ್ಲಿ ಮಲಗಿಬಿಟ್ಟರು. ಕೆಂಪು ಗುರುತು ಹಾಕುವ ಕೆಲಸ ನನಗೆ ಬಂತು. "ಬೆಟ್ಟದ ಗೋಡೆಯ ಮೇಲೇ ಹಾಕು ರಾಮಚಂದ್ರ" ಎಂದು ಅವರು ಮಲಗಿದ್ದಲ್ಲಿಂದಲೇ ಹೇಳಿದ್ದರು.

ಬೆಟ್ಟದ ಗೋಡೆ ಒದ್ದೆಯಾಗಿತ್ತು, ಮುಟ್ಟಿದರೆ ಪುಡಿ ಉದುರುತ್ತಿತ್ತು, ಬಣ್ಣ ನಿಲ್ಲುತ್ತಿರಲಿಲ್ಲ. ಅದರ ಎದುರಿಗೇ, ಸ್ವಲ್ಪ ಕೆಳಗೆ, ಕಲ್ಲುಮಣ್ಣಿನ ನಡುವೆ ಒಂದು ಬಂಡೆ ಕೂತಿತ್ತು. ಎತ್ತಿನ ಗಾಡಿಯನ್ನು ನಿಲ್ಲಿಸಬಹುದಾದಷ್ಟು ದೊಡ್ಡದು, ಮೇಲೆ ಹಾಸಿದಂತೆ ಸಮ. ನಮ್ಮ ಹೆಬ್ಬಾಳ, ಕೊಡಿಗೇಹಳ್ಳಿಗಳ ಕಡೆ ಬಂಡೆ ಎಂದರೆ ಭೂಮಿಯ ಬೆನ್ನು. ಅದರ ಮೇಲೆ ರಾಗಿ ಒಕ್ಕುತ್ತೇವೆ, ಹಪ್ಪಳ ಒಣಗಿಸುತ್ತೇವೆ, ಊರಿನ ಗಡಿಯ ಗುರುತನ್ನು ಅದರ ಮೇಲೇ ಕೊರೆಯುತ್ತೇವೆ. ಬಂಡೆ ಜಾಗ ಬಿಡುತ್ತದೆ ಎಂಬ ಯೋಚನೆ ನಮ್ಮ ಕಡೆಯವರ ಕನಸಿನಲ್ಲೂ ಬರುವುದಿಲ್ಲ. ನಾನು ಮುನಿಯಪ್ಪನವರನ್ನು ಕರೆದು ತೋರಿಸಿದೆ. ಅವರು ತಟ್ಟಿದರು, ನೆಕ್ಕಿದರು, ಮೇಲೆ ಹತ್ತಿ ಎರಡು ಸಲ ಕುಪ್ಪಳಿಸಿದರು.

"ನಮ್ಮೂರ್ ಬಂಡೆ ಇದ್ದಂಗೈತೆ. ಇದ್ರ್ ಮ್ಯಾಲೇ ಬರಿ ಗುರ್ತು" ಎಂದು ತೀರ್ಪು ಕೊಟ್ಟರು. ನಾನು ಅದರ ಮೇಲೆ ಕೆಂಪು ಶಿಲುಬೆಯ ಗುರುತು ಬಳಿದೆ. ಅದರ ಅಡಿಯಲ್ಲೂ ಮಂಜೇ ಇದೆ, ಬಂಡೆ ಮಂಜಿನ ಬೆನ್ನ ಮೇಲೆ ಕೂತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಂಜೆ ಪ್ರೊಫೆಸರು ಕೇಳಿದಾಗ, ಗಟ್ಟಿ ಜಾಗದಲ್ಲಿ ಹಾಕಿದ್ದೇನೆ ಎಂದಷ್ಟೇ ಹೇಳಿದೆ.

ಮುನಿಯಪ್ಪನವರು ಅದೇ ಬಂಡೆಯ ಮರೆಯಲ್ಲಿ ಪಂಪ್ ಸ್ಟೌ ಇಟ್ಟು ಅಡಿಗೆ ಮನೆ ಮಾಡಿಕೊಂಡರು. ನಮ್ಮ ಒದ್ದೆ ಕಾಲುಚೀಲಗಳನ್ನು ಒಣಗಿಸಲು ಒಂದು ಹಗ್ಗವನ್ನೂ ಕಟ್ಟಿದರು. ಬೆಟ್ಟದ ಗೋಡೆಯ ಬಿರುಕಿನಲ್ಲಿ ಕಬ್ಬಿಣದ ಗೂಟ ಬಡಿದು, ಹಗ್ಗವನ್ನು ಕಣಿವೆಯ ಇಳಿಜಾರಿನ ದಿಕ್ಕಿಗೆ ಎಳೆತಂದು, ಇನ್ನೊಂದು ತುದಿಯನ್ನು ಬಂಡೆಯ ಮೂತಿಗೆ ಬಿಗಿದರು. ಹಗ್ಗ ಕಟ್ಟುವುದರಲ್ಲಿ ಅವರದೊಂದು ಶಿಸ್ತು. ದನ ಕಟ್ಟಲಿ, ಪೆಟ್ಟಿಗೆ ಕಟ್ಟಲಿ, ಗಂಟಿನಾಚೆ ಸರಿಯಾಗಿ ಒಂದು ಮೊಳ ಬಾಲ ಬಿಡಲೇಬೇಕು. ಕಡಿಮೆ ಬಿಟ್ಟರೆ ಬಿಚ್ಚುವವನಿಗೆ ತೊಂದರೆ, ಹೆಚ್ಚು ಬಿಟ್ಟರೆ ಹಗ್ಗ ದಂಡ ಎಂದು ಅವರ ಲೆಕ್ಕ.

ಮಾರನೆಯ ಬೆಳಿಗ್ಗೆ ಅವರು ಹಗ್ಗವನ್ನು ಬೈಯುವುದು ಕೇಳಿಸಿತು. ಸಡಿಲವಾಗಿ ಕಟ್ಟಿದ್ದು ಬಿಗಿದುಕೊಂಡಿತ್ತು. "ನೆಂದ್ರೆ ಅಗ್ಗ ಬಿಗೀತದೆ, ಬಾವಿ ಅಗ್ಗನೂ ಇಂಗೇಯ" ಎಂದುಕೊಂಡು ಗಂಟು ಬಿಚ್ಚಿ ಎರಡು ಬೆರಳು ಸಡಿಲ ಬಿಟ್ಟು ಮತ್ತೆ ಕಟ್ಟಿದರು. ಅದರ ಮಾರನೆಯ ದಿನವೂ ಎರಡು ಬೆರಳು, ಅದರಾಚೆ ದಿನವೂ ಎರಡು ಬೆರಳು. ನಾವು ಮಂಜಿನ ಅಂಚಿನಲ್ಲಿ ಕಲ್ಲು ಒಡೆಯುತ್ತ, ಚಿತ್ರ ಬರೆಯುತ್ತ, ಮೂಗಿನ ಚರ್ಮ ಸುಲಿಸಿಕೊಂಡು ಸುಖವಾಗಿದ್ದೆವು. ಅಂಥ ಬಿಸಿಲು, ಅಂಥ ಚಳಿ, ಅಂಥ ಹಸಿವು ನನಗೆ ಮತ್ತೆ ಸಿಕ್ಕಿಲ್ಲ.

ಆರನೆಯ ದಿನ ಬೆಳಿಗ್ಗೆ ಟೇಪು ಹಿಡಿದೆವು. ಐದು ಕಲ್ಲುಗಳೂ ಇದ್ದಷ್ಟೇ ದೂರದಲ್ಲಿದ್ದವು. ಹೆಚ್ಚೆಂದರೆ ಅರ್ಧ ಅಂಗುಲದ ವ್ಯತ್ಯಾಸ, ಅದೂ ಟೇಪು ಹಿಡಿದವನ ಕೈ ನಡುಗಿದ್ದಿರಬಹುದು. ಮತ್ತೊಮ್ಮೆ ಅಳೆದೆವು, ಅಷ್ಟೇ ಬಂತು. ಪ್ರೊಫೆಸರು ಪುಸ್ತಕ ಮುಚ್ಚಿದರು. "ಬಹುಶಃ ಇದು ನಿಂತುಹೋದ ಹಿಮನದಿ. ಹಾಗೇ ಬರೆದುಕೊಳ್ಳೋಣ, ನಾಳೆ ಇಳಿಯೋಣ" ಎಂದರು.

ಮುನಿಯಪ್ಪನವರು ಗೆದ್ದೆ ಎಂದು ಕುಣಿಯುತ್ತಾರೆಂದು ನಾನು ತಿಳಿದಿದ್ದೆ. ಅವರು ಸ್ಟೌ ಮುಂದೆ ಕೂತು ಕೋಲಿನಿಂದ ಹಿಟ್ಟು ತಿರುವುತ್ತಲೇ ಇದ್ದರು, ಮುಖ ಇಳಿದುಹೋಗಿತ್ತು.

"ನೀವು ಹೇಳಿದ್ದೇ ನಿಜ ಆಯ್ತಲ್ಲ ಮುನಿಯಣ್ಣ" ಎಂದೆ.

"ಅದ್ಕೇ ಬೇಜಾರು ಕಣ್ ಮಗಾ. ನನ್ ಮಾತ್ ನಿಜ ಮಾಡ್ಕಳಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ? ಮನೇಲೇ ಕುಂತಿದ್ರೂ ಆಗ್ತಿತ್ತು."

ಇಪ್ಪತ್ತು ವರ್ಷ ವಾದ ಮಾಡಿದ ಮನುಷ್ಯ ಸೋಲುವ ಆಸೆಯಿಂದಲೇ ಅಲ್ಲಿಯವರೆಗೆ ನಡೆದು ಬಂದಿದ್ದರು ಎಂದು ಆಗ ನನಗೆ ಗೊತ್ತಾಯಿತು. ನನಗೂ ತುಂಬ ದುಃಖವಾಯಿತು.

ಮಧ್ಯಾಹ್ನ ಗಂಟುಮೂಟೆ ಕಟ್ಟಲು ಅವರು ಬಟ್ಟೆ ತೆಗೆಯಹೋದರು. ಎರಡು ದಿನದಿಂದ ಒಳ್ಳೆಯ ಬಿಸಿಲು, ಕಾಲುಚೀಲಗಳೆಲ್ಲ ಗರಿಗರಿಯಾಗಿದ್ದವು. ಅವರು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಂಡು, ಬರಿದಾದ ಹಗ್ಗವನ್ನು ಬೆರಳಿನಿಂದ ಮೀಟಿದರು. ಆಮೇಲೆ ಅಲ್ಲೇ ನಿಂತುಬಿಟ್ಟರು. ಗೂಟದ ಹತ್ತಿರ ಹೋಗಿ ಅದನ್ನು ಅಲ್ಲಾಡಿಸಿ ನೋಡಿದರು. ಬಂಡೆಯ ಹತ್ತಿರ ಬಂದು ಗಂಟಿನ ಬಾಲವನ್ನು ಮೊಣಕೈಗಿಟ್ಟು ಅಳೆದರು. ನನ್ನನ್ನು ಕೂಗಲಿಲ್ಲ, ಕಣ್ಣಿನಲ್ಲೇ ಕರೆದರು.

"ಮಗಾ, ನೆಂದ್ರೆ ಅಗ್ಗ ಬಿಗೀತದೆ ಸರಿ. ಒಣಗಿದ್ರೆ ಸಡ್ಲ ಆಗ್ಬೇಕಲ್ವಾ? ಇದು ಕಡ್ಡಿ ಅಂಗೆ ಒಣಗೈತೆ, ಆದ್ರೂ ಬಿಗಿದೈತೆ."

ನಾನು ಹಗ್ಗ ಮುಟ್ಟಿದೆ. ಎಳೆದು ಕಟ್ಟಿದ ತಂತಿಯ ಹಾಗಿತ್ತು.

"ಒಂದ್ ಮೊಳ ಬಾಲ ಬುಟ್ಟಿದ್ದೆ, ಈಗ ಅರ್ಧ ಮೊಳ ಐತೆ. ದಿನಾ ಎರಡ್ ಬೆಳ್ಳು ನಾನೇ ಬುಟ್ಟಿವ್ನಿ. ಗೂಟ ಅಳ್ಳಾಡಿಲ್ಲ." ಅವರ ದನಿ ತೀರ ಸಣ್ಣದಾಯಿತು. "ಬಂಡೆ ನಡೀತೈತೆ. ನಿನ್ ಗುರ್ತಿನ್ ಬಂಡೇನೂ ನಡೀತೈತೆ, ನೀನಿಟ್ಟಿರೋ ಕಲ್ಲೂ ನಡೀತೈತೆ. ಜೊತೇಲ್ ನಡೆಯೋರು ಎಷ್ಟ್ ದೂರ ಓದ್ರೂ ಅವ್ರ ನಡುವಿನ್ ದೂರ ಎಲ್ ಎಚ್ಚಾಗ್ತದೆ?"

ಪ್ರೊಫೆಸರ ಮೂರು ವರ್ಷದ ಓಡಾಟ, ಹತ್ತು ಜನರ ಶ್ರಮ ಎಲ್ಲವನ್ನೂ ನಾನೊಬ್ಬ ಹಾಳುಮಾಡಿದ್ದೆ. ಬೆಟ್ಟದ ಗೋಡೆಯ ಮೇಲೇ ಹಾಕು ಎಂದು ಬಿಡಿಸಿ ಹೇಳಿದ್ದರು. ಮುನಿಯಪ್ಪನವರು ನನ್ನ ಮುಖ ನೋಡಿ, "ಏಳೋದು ಬುಡೋದು ನಿಂದು. ನಾನಂತೂ ನೋಡ್ಬೇಕಾದ್ದು ನೋಡ್ದೆ. ಯಾರ್ ಮುಂದೇನೂ ಬಾಯ್ ಬುಡಲ್ಲ" ಎಂದರು. ಇಪ್ಪತ್ತು ವರ್ಷ ಕಾದು ಕಂಡದ್ದನ್ನು ನನ್ನ ಮಾನ ಉಳಿಸಲು ನುಂಗಿಕೊಳ್ಳಲು ಅವರು ತಯಾರಿದ್ದರು. ಅದನ್ನು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಡೇರೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆ. ಪ್ರೊಫೆಸರು ಬೈಯಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಕಾಲುಚೀಲದಲ್ಲೇ ಕಲ್ಲುಗಳ ಮೇಲೆ ನಡೆದು ಬಂದು, ಹಗ್ಗ ಮುಟ್ಟಿ, ಗೂಟ ಮುಟ್ಟಿ, ಬಂಡೆಯ ಬುಡದ ಮಣ್ಣನ್ನು ಕೋಲಿನಿಂದ ಕೆದಕಿದರು. ಒಂದು ಗೇಣು ಕೆಳಗೆ ನೀಲಿ ಮಂಜು ಕಾಣಿಸಿತು.

"ದಿನಕ್ಕೆ ಎಷ್ಟು ಬಿಟ್ಟೆ ಅಂದೆ ಮುನಿಯಪ್ಪ?"

"ಎರಡ್ ಬೆಳ್ಳು ಸಾಮಿ."

"ಎಲ್ಲಿ, ಬೆರಳು ಕೊಡು."

ಮುನಿಯಪ್ಪನವರು ಬಲಗೈ ಚಾಚಿದರು. ಪ್ರೊಫೆಸರು ಜೇಬಿನಿಂದ ಹಿತ್ತಾಳೆಯ ಅಳತೆಪಟ್ಟಿ ತೆಗೆದು, ಹಿಟ್ಟು ಮೆತ್ತಿದ ಆ ತೋರುಬೆರಳು ನಡುಬೆರಳುಗಳ ಅಗಲವನ್ನು ಮೂರು ಸಲ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಒಂದೂವರೆ ಅಂಗುಲ. ಆಮೇಲೆ ನನ್ನ ಕಡೆ ತಿರುಗಿ, "ನೀನು ಬೆಂಗಳೂರಿನ ಬಂಡೆ ನೋಡಿ ಬೆಳೆದವನು, ನಿನ್ನನ್ನು ನಂಬಿ ಮಲಗಿದ್ದು ನನ್ನ ತಪ್ಪು" ಎಂದರು. ಇಷ್ಟೇ ಬೈಗುಳ. ಇಳಿಯುವುದನ್ನು ಒಂದು ದಿನ ಮುಂದಕ್ಕೆ ಹಾಕಿ, ಈ ಸಲ ಅವರೇ ಬೆಟ್ಟದ ಗೋಡೆಗೆ ಗುರುತು ಕೊರೆದು ಅಲ್ಲಿಂದ ಬಂಡೆಗೆ ಅಳೆದರು.

ಆ ಮಧ್ಯಾಹ್ನ ಮುನಿಯಪ್ಪನವರು ಅಡಿಗೆಯನ್ನು ನಮಗೆ ಬಿಟ್ಟು, ಕಂಬಳಿ ಹೊದ್ದು ಬಂಡೆಯ ಮೇಲೆ ಹತ್ತಿ ಕೂತರು. ಕಣಿವೆಯ ಕೆಳಮುಖಕ್ಕೆ ಮುಖ ಮಾಡಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದವರ ಹಾಗೆ. ಮುದ್ದೆ ಆಯಿತು ಬನ್ನಿ ಎಂದು ಕರೆದರೆ ಬರಲಿಲ್ಲ.

"ಇಳ್ಯಲ್ಲ ಓಗ್ರಪ್ಪ. ನೀವು ಅಲ್ಲೇ ಇದ್ದೀರ, ನಾನು ಓಯ್ತಾ ಇವ್ನಿ" ಎಂದರು. ಹೊತ್ತು ಮುಳುಗುವವರೆಗೂ ಕೂತಿದ್ದರು. ತಟ್ಟೆಯನ್ನು ಅಲ್ಲಿಗೇ ಕೊಟ್ಟೆವು. ಮಾರನೆಯ ಬೆಳಿಗ್ಗೆ ಪ್ರೊಫೆಸರು ಟೇಪು ಹಿಡಿದು ಒಂದೂವರೆ ಅಂಗುಲ ಎಂದಾಗ, "ಅದ್ರಲ್ ಅರ್ಧ ನಾನು ಕುಂತಿದ್ದಾಗ್ಲೇ ಓಗಿದ್ದು" ಎಂದು ಪಹಾಡಿ ಮುದುಕನಿಗೆ ಕನ್ನಡದಲ್ಲೇ ವಿವರಿಸಿದರು. ಅವನು ತಲೆಯಾಡಿಸಿದ.

ಊರಿಗೆ ಬಂದ ಮೇಲೆ ಅವರ ಕಷ್ಟ ಶುರುವಾಯಿತು. ಕೊಡಿಗೇಹಳ್ಳಿಯಲ್ಲಿ ಯಾರೂ ನಂಬಲಿಲ್ಲ. ಅರಳಿಕಟ್ಟೆಯ ಮೇಲೆ ಕೂತವರು, "ಮುನಿಯಪ್ಪ, ಇವತ್ತು ನಿನ್ ಬಂಡೆ ಎಲ್ಲಿಗಂಟ ಬಂತು?" ಎಂದು ನಗುವುದು ಮಾಮೂಲಾಯಿತು. ಹೆಂಡತಿ ಅಕ್ಕಯ್ಯಮ್ಮನವರಂತೂ ಅವರ ಎದುರಿಗೇ, "ಚಳಿಗೆ ಇವ್ರಿಗೆ ತಲೆಗೇನೋ ಆಗೈತೆ" ಎನ್ನುತ್ತಿದ್ದರು. ನಾನು ಓದು ಮುಗಿಸಿ ಗಣಿಯ ಕೆಲಸ ಸಿಕ್ಕಿ ದೂರ ಹೋದೆ, ಅವರು ನಿವೃತ್ತರಾದರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವರ ಮನೆಗೆ ಹೋಗುತ್ತಿದ್ದೆ.

ಒಂದು ವರ್ಷ ಹೋದಾಗ ಅವರ ಬಾಗಿಲಿನಿಂದ ಕೆರೆಯ ಕಡೆಗೆ ಹೋಗುವ ದಾರಿಯ ಪಕ್ಕದಲ್ಲಿ ಸುಣ್ಣ ಬಳಿದ ಮೂರು ಕಲ್ಲುಗಳು ಸಾಲಾಗಿ ನೆಟ್ಟಿದ್ದವು. ಅದರ ಮೇಲೆ ದೊಡ್ಡ ಗಲಾಟೆಯೇ ಆಗಿತ್ತಂತೆ. ಸರ್ಕಾರ ಬಡಾವಣೆ ಮಾಡಲು ಅಳತೆ ಕಲ್ಲು ನೆಟ್ಟಿದೆ, ಜಮೀನು ಹೋಗುತ್ತದೆ ಎಂದು ಹೆದರಿ ಪಕ್ಕದ ಹೊಲದವರು ಶಾನುಭೋಗರ ಮನೆಗೆ ಓಡಿದ್ದರು. ಕಡೆಗೆ ಮುನಿಯಪ್ಪನವರು ತಾವೇ ನೆಟ್ಟದ್ದೆಂದು ಒಪ್ಪಿಕೊಂಡು ಕಾರಣ ಹೇಳಬೇಕಾಯಿತು. ದಿನಕ್ಕೆ ಎರಡು ಬೆರಳಾದರೆ ವರ್ಷಕ್ಕೆ ಮೂವತ್ತು ಮೊಳ. ಬಂಡೆ ಅವರ ಹೊಸಿಲಿನಿಂದ ಹೊರಟಿದ್ದರೆ ಈ ಹೊತ್ತಿಗೆ ಎಲ್ಲಿರುತ್ತಿತ್ತೋ ಅಲ್ಲಿಗೆ, ಪ್ರತಿ ಬೇಸಿಗೆಯಲ್ಲಿ ಒಂದು ಕಲ್ಲು. ಊರವರಿಗೆ ಭಯ ಹೋಯಿತು, ನಗು ಮಾತ್ರ ಇಮ್ಮಡಿಯಾಯಿತು.

ನಾನು ಅವರನ್ನು ಕಡೆಯ ಸಲ ಕಂಡಾಗ ಆರು ಕಲ್ಲುಗಳಿದ್ದವು, ಆರನೆಯದು ಹುಣಸೆ ಮರದ ಹತ್ತಿರ. ಮೈ ತೀರ ಇಳಿದಿತ್ತು, ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಅಕ್ಕಯ್ಯಮ್ಮನವರು ಮಜ್ಜಿಗೆ ತಂದಾಗ, "ನೀನಾದ್ರೂ ಏಳ್ ಮಗಾ ಇವ್ಳಿಗೆ" ಎಂದರು. ನಾನು ಹೇಳಿದೆ. ಮಂಜು ಹೇಗೆ ಹರಿಯುತ್ತದೆ, ಹಗ್ಗ ಹೇಗೆ ಬಿಗಿಯಿತು, ಪ್ರೊಫೆಸರು ಬೆರಳು ಅಳೆದದ್ದು, ಎಲ್ಲವನ್ನೂ. ಆಕೆ ಕೇಳಿಸಿಕೊಂಡು, "ನೀವೆಲ್ಲ ಓದಿರೋರು, ಏಳ್ತೀರ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು. ಮುನಿಯಪ್ಪನವರು ನಕ್ಕುಬಿಟ್ಟರು.

"ಬೈಬ್ಯಾಡ ಅವ್ಳ. ನಂಗೂ ಇಪ್ಪತ್ ವರ್ಷ ಬೇಕಾಯ್ತು."

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಾಗದ ನನಗೆ ತಡವಾಗಿ ಮುಟ್ಟಿತು. ಬೇಸಿಗೆಯ ರಜೆಯಲ್ಲಿ ಕೊಡಿಗೇಹಳ್ಳಿಗೆ ಹೋದೆ. ಮನೆಯ ಮುಂದೆ ಸೈಕಲ್ ಇರಲಿಲ್ಲ, ಯಾರಿಗೋ ಕೊಟ್ಟಿದ್ದರು. ಅಕ್ಕಯ್ಯಮ್ಮನವರೊಡನೆ ಸ್ವಲ್ಪ ಹೊತ್ತು ಕೂತು, ಹೊರಡುವಾಗ ಕೆರೆಯ ದಾರಿ ಹಿಡಿದೆ. ಹುಣಸೆ ಮರದಾಚೆ, ಹಸಿ ಸುಣ್ಣ ಬಳಿದ ಏಳನೆಯ ಕಲ್ಲು ನೆಟ್ಟಿತ್ತು.

ತಿರುಗಿ ಬಂದು ಕೇಳಿದೆ. ಆಕೆ ಮೊರದಲ್ಲಿ ರಾಗಿ ಕೇರುತ್ತ, ತಲೆಯೆತ್ತದೆ ಹೇಳಿದರು: "ನಂಗ್ ಗೊತ್ತಿಲ್ಲಪ್ಪ ಮಂಜು ಗಿಂಜು. ವರ್ಷಾ ವರ್ಷಾ ಇಡ್ತಿದ್ರು. ಈ ವರ್ಷ ಅವ್ರಿಲ್ಲ ಅಂತ ಅದು ನಿಂತ್ಕಂತದಾ?"

"ನೀವೇ ಅಳೆದ್ರಾ?"

"ಇನ್ಯಾರ್ ಅಳೀತಾರೆ? ಮೂವತ್ ಮೊಳ."

ನಾನು ಮತ್ತೆ ಆ ದಾರಿಯಲ್ಲಿ ನಡೆದೆ. ಆರನೆಯ ಕಲ್ಲಿನಿಂದ ಏಳನೆಯದಕ್ಕೆ ಹೆಜ್ಜೆ ಹಾಕಿ ನೋಡಿದರೆ ಉಳಿದ ಕಲ್ಲುಗಳ ನಡುವಿನ ದೂರಕ್ಕಿಂತ ನಾಲ್ಕು ಅಡಿಯಷ್ಟು ಕಡಿಮೆಯಿತ್ತು. ಅಕ್ಕಯ್ಯಮ್ಮನವರ ಕೈ ಮುನಿಯಪ್ಪನವರ ಕೈಗಿಂತ ಗಿಡ್ಡ. ನಾನು ಕಲ್ಲನ್ನು ಅಲ್ಲಾಡಿಸಲಿಲ್ಲ.